ಚೀಲದ ಸಮೇತ

“ಚೀಲ ಹರೀಬೇಡಿ. ಚೀಲದ ಸಮೇತ ಗುಂಡೀಲಿ ಇಡಿ,” ಎಂದು ಹಸಿರು ಅಭಿಯಾನದ ಅಧಿಕಾರಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೂಗಿಕೊಂಡು ಹೋದರು. ಹನ್ನೆರಡು ಗುಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದ ಹನ್ನೆರಡು ಗಿಡ, ಪ್ರತಿ ಗಿಡದ ಪಕ್ಕ ನಗುತ್ತ ನಿಲ್ಲಲು ಒಂದೊಂದು ಮನೆಯವರು. ಫೋಟೋದವನು ಆಗಲೇ ಒಂದು ಕಣ್ಣು ಮುಚ್ಚಿದ್ದ.

ಆ ಮಾತು ಕೇಳಿದ್ದೇ ತಡ, ಟೈಲರಕ್ಕನಿಗೆ ಪಿತ್ತ ನೆತ್ತಿಗೇರಿತು. ಹೋದ ವರ್ಷವೂ ಇದೇ ಅಧಿಕಾರಿ, ಇದೇ ಮಾತು. ಪಾಪ, ಅವಳು ನಂಬಿ ಫೋಟೋಗೆ ಹಲ್ಲು ಕಿರಿದಿದ್ದಳು. ಮರುದಿನ ಬೆಳಿಗ್ಗೆ ಬಕೆಟ್ಟಿನಲ್ಲಿ ನೀರು ತಂದರೆ ಗಿಡವೇ ಇಲ್ಲ, ಬರೀ ಗುಂಡಿ. ಅದೇ ಹನ್ನೆರಡು ಗಿಡ ವ್ಯಾನು ಹತ್ತಿ ಬೀದಿ ಬೀದಿಯಲ್ಲೂ ಫೋಟೋ ತೆಗೆಸಿಕೊಂಡವೆಂದು ಆಮೇಲೆ ಗೊತ್ತಾಯಿತು. ಆ ಗುಂಡಿಗೆ ಕಾಲಿಟ್ಟ ಅವಳ ನಾದಿನಿ ಕಾಲು ಉಳುಕಿಸಿಕೊಂಡು ತಿಂಗಳು ಮಲಗಿದಳು. ಮಧ್ಯಾಹ್ನದ ಬಿಸಿಲಂತೂ ಎಂದಿನಂತೆ ಕಿಟಕಿಯಿಂದ ನೇರ ಹೊಲಿಗೆ ಮೆಷಿನ್ನಿನ ಮೇಲೆಯೇ ಬೀಳುತ್ತಿತ್ತು. ಚಕ್ರ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಆ ಕಿಟಕಿಗೆ ಒಂದು ಮರದ ನೆರಳು ಬೇಕು, ಅಷ್ಟೇ ಅವಳ ಆಸೆ.

“ಚೀಲ ಇದ್ರೆ ಬೇರು ಎಲ್ಲಿಗೆ ಹೋಗುತ್ತೆ ಸಾರ್?”

“ಆಮೇಲೆ ನಮ್ಮೋರು ಬಂದು ಸರಿಯಾಗಿ ನೆಡ್ತಾರಮ್ಮ. ನೀವು ಸುಮ್ನೆ ನಗ್ತಾ ನಿಂತ್ಕೊಳ್ಳಿ.”

“ಹೋದ ವರ್ಷ ಹೊರಟೋರು ಇನ್ನೂ ದಾರೀಲಿದಾರಾ?”

ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಅಧಿಕಾರಿ ಜಾಣಕಿವುಡರಾಗಿ ಫೋಟೋದವನ ಕಡೆ ತಿರುಗಿದರು. ಟೈಲರಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಕತ್ತರಿ ಎಳೆದು, ಹಳೇ ಅಂಗಿಯ ಹೊಲಿಗೆ ಬಿಚ್ಚುವಷ್ಟು ಸಲೀಸಾಗಿ ಚೀಲವನ್ನು ಮೇಲಿಂದ ಬುಡದವರೆಗೆ ಸೀಳಿದಳು. ಗಿಡವನ್ನು ಗುಂಡಿಗಿಳಿಸಿ, ಮಣ್ಣು ತುಂಬಿ, ಪಾದದಿಂದ ಗಟ್ಟಿಯಾಗಿ ತುಳಿದಳು. ಕತ್ತರಿಯನ್ನು ಪಕ್ಕದ ಮನೆಯ ಗಡಿಯಾರ ರಿಪೇರಿ ತಾತನ ಮುಂದೆ ಹಿಡಿದಳು.

“ಯಾಕಮ್ಮ ಇಲ್ಲದ ಉಸಾಬರಿ? ಅಧಿಕಾರಿಗಳ ಜೊತೆ ಜಗಳ ಆಡಕ್ಕಾಗುತ್ತಾ?” ಎಂದು ತಾತ ಹಿಂದೆ ಸರಿದರು.

ಅಷ್ಟರಲ್ಲಿ ಅಧಿಕಾರಿ ಓಡಿ ಬಂದರು. “ಏನ್ಮಾಡ್ಬಿಟ್ರಿ ನೀವು? ಸಂಜೆಯೊಳಗೆ ಈ ಗಿಡ ಇನ್ನೂ ನಾಲ್ಕು ಬೀದಿಗೆ ಹೋಗ್ಬೇಕು.”

ಬಾಯಿಂದ ಜಾರಿದ ಮೇಲೆ ಅವರು ತುಟಿ ಕಚ್ಚಿಕೊಂಡರು. ಬೀದಿಗೆ ಬೀದಿಯೇ ಅವರನ್ನು ನೋಡುತ್ತಿತ್ತು. ತಾತ ಕೈ ಚಾಚಿ ಕತ್ತರಿ ಇಸಿದುಕೊಂಡರು. ಅವರ ಚೀಲ ಹರಿಯಿತು, ಆಚೆ ಮನೆಯದು ಹರಿಯಿತು. ಕತ್ತರಿ ಬರುವವರೆಗೆ ಕಾಯಲಾರದವರು ಉಗುರಿನಲ್ಲೇ ಹರಿದರು.

ಅಧಿಕಾರಿ ಬಗ್ಗಿ ಟೈಲರಕ್ಕನ ಗಿಡದ ಕಾಂಡಕ್ಕೆ ಕೈ ಹಾಕಿದರು. ಅವಳು ಜಗ್ಗಲಿಲ್ಲ.

“ಕೀಳಿ ಸಾರ್. ಅದಕ್ಕೂ ಒಂದು ಫೋಟೋ ಆಗ್ಲಿ.”

ಫೋಟೋದವನು ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿಯೇಬಿಟ್ಟ. ಅಧಿಕಾರಿ ಮುಳ್ಳು ಚುಚ್ಚಿದವರಂತೆ ಕೈ ಹಿಂದೆಗೆದರು. ಅವರ ಫೋನು ಬಡಿದುಕೊಳ್ಳತೊಡಗಿತು. ಮುಂದಿನ ಬೀದಿಯಲ್ಲಿ ಸಾಹೇಬರು ಬಂದು ಕಾಯುತ್ತಿದ್ದರು.

“ಬೇರೆ ಗಿಡ ತರಿಸ್ಬೇಕಾಗುತ್ತೆ ಸಾರ್... ಇಲ್ಲ, ಕಳುವಾಗಿಲ್ಲ... ಒಣಗೂ ಇಲ್ಲ ಸಾರ್,” ಎನ್ನುತ್ತ ಅವರು ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, ದೂರು ಹೇಳುವವರಂತೆ ಹೇಳಿದರು: “ಏನ್ ಹೇಳ್ಲಿ ಸಾರ್, ಈ ಜನ ನಿಜವಾಗ್ಲೂ ನೆಟ್ಟೇಬಿಟ್ರು.”