ಜೊತೆಗೆ ಬಂದವರು

ಶ್ವಾಸಕೋಶದ ಕ್ಯಾನ್ಸರಿಗೆ ಕಿಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದಾಗ ನಾನು ಎಲ್ಲಕ್ಕೂ ಸಿದ್ಧಳಾದೆ. ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡೆ, ಕೂದಲು ಗಿಡ್ಡ ಮಾಡಿಸಿದೆ, ಎದೆಯ ಮೇಲೆ ಅವರು ಎಳೆದ ಶಾಯಿಯ ಗೆರೆಗಳು ಅಳಿಸದಂತೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆ. ಮನೆಯವರೊಬ್ಬರು ಜೊತೆಗಿಲ್ಲದಿದ್ದರೆ ಚಿಕಿತ್ಸೆ ಶುರು ಮಾಡುವುದಿಲ್ಲ ಎಂದೂ ಹೇಳಿದ್ದರು; ಮನೆಯವರು ಅಂತ ಮಾತ್ರ ನನಗೆ ಯಾರೂ ಇರಲಿಲ್ಲ.

ಚಿಕಿತ್ಸೆಯ ಮೊದಲ ದಿನ ಆಸ್ಪತ್ರೆಯಲ್ಲಿ ಕಾಯುವಾಗ ಪಕ್ಕದ ಕುರ್ಚಿಯಲ್ಲಿ ಹಿರಿಯ ಹೆಂಗಸೊಬ್ಬರು ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿದ್ದರು. ಯಾರನ್ನೋ ಒಳಗೆ ಕಳಿಸಿ ಕಾಯುತ್ತಿರಬೇಕು ಎಂದುಕೊಂಡೆ.

"ಒಂದು ಮಾತು ಕೇಳ್ಲಾ? ನರ್ಸ್ ಬಂದಾಗ ನನ್ನ ಅಕ್ಕ ಅಂತ ಹೇಳ್ತೀರಾ?"

ಅವರು ನನ್ನನ್ನೇ ದಿಟ್ಟಿಸಿದರು. "ನಿನ್ನಷ್ಟು ಬೆಳ್ಳಗಿಲ್ವಲ್ಲೇ ನಾನು!"

"ಅಪ್ಪನ ಬಣ್ಣ ಅಂದ್ರಾಯ್ತು."

"ಹಾಗಾದ್ರೆ ಮೊದ್ಲು ಈ ಬಹುವಚನ ಬಿಡು. ಅಕ್ಕಂಗೆ ಯಾರಾದ್ರೂ 'ಹೇಳ್ತೀರಾ' ಅಂತಾರಾ?"

ಅಷ್ಟರಲ್ಲಿ ನರ್ಸ್ ಬಂದರು. "ನಿಮ್ಮ ಜೊತೆಗೆ ಯಾರಿದ್ದಾರೆ?"

"ಅಕ್ಕ," ಎಂದು ಅವರನ್ನು ತೋರಿಸಿದೆ.

ನರ್ಸ್ ಅವರತ್ತ ತಿರುಗಿ ಗದರಿದರು: "ಏನಮ್ಮಾ ನೀವು! ಇಂಥಾ ತಂಗೀನ ಇಟ್ಕೊಂಡು, ನಿನ್ನೆ ನಿಮ್ಮ ಕಿಮೋಗೆ ಬಂದಾಗ ನಂಗ್ಯಾರೂ ಇಲ್ಲ ಅಂತ ಅತ್ಕೊಂಡು ಯಾಕೆ ವಾಪಸ್ ಹೋದ್ರಿ?"