ಬೆಟ್ಟಮ್ಮನ ಕಂಪನಿ

"ನಿಮಗೆ ಇನ್ಮೇಲೆ ಗೃಹಲಕ್ಷ್ಮಿ ದುಡ್ಡು ಬರಲ್ಲಮ್ಮ. ನೀವು ಜಿಎಸ್‌ಟಿ ಕಟ್ಟೋರು ಅಂತ ತೋರಿಸ್ತಿದೆ," ಎಂದಳು ಸೇವಾ ಕೇಂದ್ರದ ಮೈತ್ರೇಯಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಬೆಟ್ಟಮ್ಮನಿಗೆ ನಗು ಬಂತು. ಮೂರು ಹೊತ್ತೂ ಒಲೆ ಮುಂದೆ ನಿಲ್ಲುವವಳಿಗೆ ಎಲ್ಲಿಯ ಜಿಎಸ್‌ಟಿ, ಎಲ್ಲಿಯ ವ್ಯಾಪಾರ! "ಸರ್ಯಾಗಿ ನೋಡವ್ವ. ಬೇರೆ ಯಾರೋ ಬೆಟ್ಟಮ್ಮ ಇರ್ಬೇಕು."

"ಪ್ಯಾನ್ ಕಾರ್ಡು ನಿಮ್ದೇ ತಾನೆ? ಬೆಟ್ಟಮ್ಮ ಪೇಂಟಿಂಗ್ ವರ್ಕ್ಸ್, ವಿದ್ಯಾರಣ್ಯಪುರಂ. ಎರಡು ವರ್ಷದಿಂದ ಮಾಲೀಕರು ನೀವೇ." ಮೈತ್ರೇಯಿ ದನಿ ತಗ್ಗಿಸಿದಳು. "ಐದು ತಿಂಗಳಿಂದ ಲೆಕ್ಕಾನೂ ಕೊಟ್ಟಿಲ್ಲ."

ಗಂಡನ ಮುಂದೆ ಕೈಚಾಚದೆ ಬೆಟ್ಟಮ್ಮನಿಗೆ ಸಿಗುತ್ತಿದ್ದದ್ದು ಆ ಎರಡು ಸಾವಿರ ಒಂದೇ. ಅದರಲ್ಲೇ ತಾಯಿ ಪುಟ್ಟಲಿಂಗಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಬರುತ್ತಿತ್ತು. ರೇಷನ್ ಕಾರ್ಡಿಗೆ ಬೇಕು ಅಂತ ಗಂಡ ಬಸವರಾಜು ಅವಳ ಆಧಾರ್, ಪ್ಯಾನ್ ಒಯ್ದದ್ದು ಈಗ ನೆನಪಾಯಿತು.

ಮನೆಗೆ ಬಂದರೆ ಅವನು ಜಗಲಿ ಮೇಲೆ ಬಣ್ಣದ ಬ್ರಷ್ ತೊಳೆಯುತ್ತಿದ್ದ. ಚಪ್ಪಲಿಯನ್ನೂ ಬಿಡದೆ ಕೇಳಿಯೇಬಿಟ್ಟಳು.

"ನನ್ ಜಿಎಸ್‌ಟಿ ನಂಬರು ಕ್ಯಾನ್ಸಲ್ ಆಗಿತ್ತು ಕಣೆ," ಎಂದ ಬಸವರಾಜು, ತಲೆಯನ್ನೂ ಎತ್ತದೆ. "ಜಿಎಸ್‌ಟಿ ಬಿಲ್ ಇಲ್ದಿದ್ರೆ ಗೋಕುಲಂನಲ್ಲಿ ದೊಡ್ಡ ಕೆಲ್ಸ ಯಾರ್ ಕೊಡ್ತಾರೆ? ಅದಕ್ಕೇ ನಿನ್ ಹೆಸ್ರಲ್ಲಿ ಮಾಡಿಸ್ಬುಟ್ಟೆ. ಬರೀ ಹೆಸ್ರಿಗೆ."

"ಜನ ಬಿಲ್ಲಲ್ಲಿ ಕೊಟ್ಟ ಟ್ಯಾಕ್ಸು?"

"ಖರ್ಚಾಯ್ತು. ನಿಧಾನಕ್ಕೆ ಕಟ್ಟಿದ್ರಾಯ್ತು ಬುಡು."

"ಕಟ್ಟದೆ ಇದ್ರೆ ನೋಟೀಸು ಯಾರಿಗೆ ಬರುತ್ತೆ?"

ಅವನು ಬ್ರಷ್ ಒದರಿದ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವನು ತನ್ನ ಹೆಸರನ್ನು ಹೀಗೆ ಕೇಳದೆ ಎತ್ತಿಕೊಂಡು ಹೋಗುತ್ತಾನೆಂದು ಬೆಟ್ಟಮ್ಮ ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಅವಳ ಫೋನು ಟಿಣ್ ಎಂದಿತು.

"ಆಡಿಟರ್ ಲೆಕ್ಕ ಹಾಕ್ತಾವ್ರೆ. ನಿನ್ ಫೋನಿಗೆ ಓಟಿಪಿ ಬಂದಿರುತ್ತೆ, ಆ ಆರು ನಂಬರ್ ಹೇಳು," ಎಂದ ಬಸವರಾಜು.

ಇಂಥ ಎಷ್ಟು ನಂಬರುಗಳನ್ನು ಗ್ಯಾಸ್ ಸಿಲಿಂಡರಿನದು ಎಂದು ನಂಬಿ, ಕನ್ನಡಕ ಹುಡುಕಿ ಹಾಕಿಕೊಂಡು ಅವಳೇ ಓದಿ ಹೇಳಿದ್ದಳೋ!

"ಲೆಕ್ಕದಲ್ಲಿ ಏನಂತ ಬರೆದವ್ರೆ?"

"ಐದು ತಿಂಗಳೂ ಕೆಲ್ಸನೇ ಇರ್ಲಿಲ್ಲ ಅಂತ. ಬೇಗ ಹೇಳೇ, ಟೈಮ್ ಆಗೋಗುತ್ತೆ."

ಬೆಟ್ಟಮ್ಮ ಫೋನು ಆಫ್ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸವರಾಜು ಯಾವಾಗಲೂ ಕೂರುವ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ಬಿಲ್ ಪುಸ್ತಕ ತಗೊಂಡ್ ಬನ್ನಿ," ಎಂದಳು. "ಮೊದ್ಲು ಓನರ್ ನೋಡ್ಬೇಕು."