ಬೂಟುಗಳ ಮೇಲಿನ ನಗು

ಪ್ರದರ್ಶನದ ದಿನ ಗೋಡೆಯ ಮೇಲಿನ ಬಟ್ಟೆ ಕಂಡದ್ದೇ ತಡ, ಮೆಟ್ಟಿಲು ಒರೆಸುವ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಶಾಲೆಯಲ್ಲಿ ಅಕ್ಷರ ಕಲಿಯುವ ಹನ್ನೊಂದು ಜನ ದೊಡ್ಡವರು ತಮ್ಮ ತಮ್ಮ ದುಡಿಮೆಯ ಕತೆಯನ್ನು ಒಂದೊಂದು ತುಂಡಿನಲ್ಲಿ ಹೊಲಿದು ಜೋಡಿಸಿದ್ದ ಬಟ್ಟೆ ಅದು. ಆಕೆಯ ತುಂಡಿನಲ್ಲಿ ಇದ್ದದ್ದು ಮೆಟ್ಟಿಲು, ಬಕೆಟ್ಟು, ಇಳಿದು ಬರುವ ಬೂಟುಗಳು. ಮಂಡಿಯೂರಿ ಒರೆಸುವವಳ ಕಣ್ಣಿಗೆ ಬೀಳುವುದು ಅಷ್ಟೇ ತಾನೆ? ಈಗ ನೋಡಿದರೆ ಪ್ರತಿ ಜೋಡಿ ಬೂಟಿನ ಮೇಲೂ ತೇಪೆ ಹಾಕಿದ ಒಂದೊಂದು ದುಂಡು ಮುಖ ಹಲ್ಲು ಕಿರಿಯುತ್ತಿತ್ತು!

“ನಾನೇ ನಿನ್ನೆ ಹೊಲಿಸ್ದೆ,” ಎಂದರು ಟೀಚರಮ್ಮ, ಮೆಲ್ಲಗೆ. “ಬರೀ ಬೂಟು ನೋಡಿದ್ರೆ ಅತಿಥಿಗಳು ಏನಂದ್ಕೊಳ್ತಾರೆ? ಸ್ವಲ್ಪ ಖುಷಿ ಇರ್ಲಿ ಅಂತ.”

“ನನ್ನ ಕತೆಗೆ ನಿಮ್ಮ ಖುಷಿ ಯಾಕೆ ಟೀಚರ್? ಹನ್ನೆರಡು ವರ್ಷದಲ್ಲಿ ಒಬ್ಬರಾದ್ರೂ ಮುಖ ಕೊಟ್ಟು ಮಾತಾಡಿದ್ರೆ ನಾನೇ ಹೊಲೀತಿದ್ದೆ!”

ಅಷ್ಟರಲ್ಲಿ ಮುಖ್ಯ ಅತಿಥಿ, ದೊಡ್ಡ ಆಫೀಸೊಂದರ ಸಾಹೇಬರು, ಹತ್ತಿರ ಬಂದರು. “ತುಂಬಾ ಚೆನ್ನಾಗಿದೆಯಮ್ಮಾ. ಎಲ್ಲಿ ಕೆಲಸ ಮಾಡ್ತೀರಿ?”

ಆಕೆ ತಲೆ ತಗ್ಗಿಸಿದಳು. ನಾಚಿಕೆಯಿಂದಲ್ಲ, ಅವರ ಬೂಟು ನೋಡುವುದಕ್ಕೆ. ಕಂದು ಬಣ್ಣ, ಎಡಗಾಲಿನ ಹಿತ್ತಾಳೆ ಬಕಲ್ ಓರೆ. ಬಟ್ಟೆಯ ಮೂರನೇ ಮೆಟ್ಟಿಲ ಮೇಲೂ ಅದೇ ಕಂದು, ಅದೇ ಓರೆ ಬಕಲ್.

ಅವರು ರಿಬ್ಬನ್ ಕತ್ತರಿಸಿದ ಕತ್ತರಿ ತಟ್ಟೆಯಲ್ಲಿನ್ನೂ ಹಾಗೇ ಇತ್ತು. ಆಕೆ ಅದನ್ನೆತ್ತಿಕೊಂಡು ಮೂರನೇ ಮೆಟ್ಟಿಲ ಮುಖದ ಹೊಲಿಗೆಯನ್ನು ಪಟಪಟನೆ ಬಿಚ್ಚಿದಳು. ಟೀಚರಮ್ಮ “ಅಯ್ಯಯ್ಯೋ” ಎನ್ನುವಷ್ಟರಲ್ಲಿ ಆ ನಗು ಕಳಚಿ ಬಂತು.

“ನಾನು ಕೆಲಸ ಮಾಡೋದು ನಿಮ್ಮ ಆಫೀಸಿನ ಮೆಟ್ಟಿಲ ಮೇಲೇ ಸಾರ್,” ಎಂದು ಅದನ್ನು ಅವರ ಕೈಗಿಟ್ಟಳು. “ಇದು ನಿಮ್ದು. ನಾಳೆ ಬೆಳಿಗ್ಗೆ ಇಳಿಯೋವಾಗ ಹಾಕ್ಕೊಂಡು ಬನ್ನಿ.”